ಮಂಚಯ್ಯನ ಸೈಕಲ್ ಶಾಪು ಹಿಂದಕ್ಕೆ ಸರಿದದ್ದು

ಹುಣಸೂರಿನ ನಮ್ಮ ಸಂತೆ ಬೀದಿಯಲ್ಲಿ ಮಂಚಯ್ಯನ ಸೈಕಲ್ ಶಾಪು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹನಗೋಡು, ಕಟ್ಟೆಮಳಲವಾಡಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದವರು ಅವನ ಹತ್ತಿರ ಗಂಟೆ ಲೆಕ್ಕದಲ್ಲಿ ಸೈಕಲ್ ತೆಗೆದುಕೊಂಡು, ಊರೆಲ್ಲ ಸುತ್ತಿ ಕೆಲಸ ಮುಗಿಸಿಕೊಂಡು ಹೋಗುತ್ತಿದ್ದರು. ಬಾಡಿಗೆಗೆ ಕೊಡುವ ಮಂಚಯ್ಯನೇ ಸೈಕಲ್ ತುಳಿಯುವ ಹಾಗಿರಲಿಲ್ಲ. ಅವನಿಗೆ ಎಡಗಾಲು ಮಂಡಿಯಿಂದ ಕೆಳಕ್ಕೆ ಇರಲಿಲ್ಲ.

ಮೂಲದಲ್ಲಿ ಅವನು ಹನಗೋಡಿನವನು. ಹರೆಯದಲ್ಲಿ ಮರದ ಲಾರಿಗಳಿಗೆ ದಿಮ್ಮಿ ಏರಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಹಗ್ಗ ಜಾರಿ, ಅರ್ಧ ಏರಿದ್ದ ಹೊನ್ನೆಯ ದಿಮ್ಮಿ ವಾಪಸು ಉರುಳಿ ಬಂತು. ಜೊತೆಯಲ್ಲಿದ್ದ ಕೆಂಚ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಕೆಂಚ ಕಾಡಂಚಿನ ಹಾಡಿಯವನು, ಕಡ್ಡಿಯಂಥ ಆಳು, ಆದರೆ ಕೈಯಲ್ಲಿ ಬಲೇ ಕಸುವು. ಅವನು ಎಳೆದದ್ದರಿಂದ ಮಂಚಯ್ಯನ ಜೀವ ಉಳಿಯಿತು, ಕಾಲು ಹೋಯಿತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದವನು ಸ್ವಲ್ಪ ದಿನ ಗೋಡೆ ನೋಡಿಕೊಂಡು ಮಲಗಿದ್ದ. ಆಮೇಲೆ ಅವನೂ ಹೆಂಡತಿ ಯಶೋದಮ್ಮನೂ ಹೊಳೆದಂಡೆಯ ತುಂಡು ಗದ್ದೆಯನ್ನು ಮಾರಿ, ಸಂತೆ ಬೀದಿಯಲ್ಲಿ ಪಾಳು ಬಿದ್ದಿದ್ದ ಒಂದು ಅಂಗಡಿಯನ್ನೂ ನಾಲ್ಕಾರು ಹಳೇ ಸೈಕಲ್‌ಗಳನ್ನೂ ಕೊಂಡರು. ಮಗನನ್ನು ನೋಡಿಕೊಳ್ಳಲೆಂದು ಮಂಚಯ್ಯನ ತಾಯಿ ಚಿಕ್ಕಬೀರಮ್ಮನೂ ಹನಗೋಡು ಬಿಟ್ಟು ಬಂದಳು.

ಆ ಬೀದಿಯ ಅಂಗಡಿಗಳೆಲ್ಲ ಹಳೇ ಕಾಲದವು. ನೆಲ ರಸ್ತೆಗಿಂತ ಎರಡೂವರೆ ಅಡಿ ಎತ್ತರ. ಮುಂದೆ ಚರಂಡಿ, ಚರಂಡಿಯನ್ನು ಮುಚ್ಚಿ ಹಾಸಿದ ಕಲ್ಲು ಚಪ್ಪಡಿ, ಚಪ್ಪಡಿಯ ಮೇಲೆ ಕಟ್ಟಿದ ಮೆಟ್ಟಿಲು. ಮಂಚಯ್ಯ ಬೆಳಿಗ್ಗೆ ಬಂದರೆ ಒಂದು ಕಂಕುಳಿಗೆ ಕೋಲು ಕೊಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮುಂಗಂಬ ಹಿಡಿದು, ಮೆಟ್ಟಿಲ ಮೇಲೆ ಕುಪ್ಪಳಿಸಿ ಏರುತ್ತಿದ್ದ. ಏರಿದ ಮೇಲೆ ಸಂಜೆಯವರೆಗೂ ಇಳಿಯುತ್ತಿರಲಿಲ್ಲ. ಸೈಕಲ್‌ಗಳನ್ನು ಇಳಿಸುವುದು ಏರಿಸುವುದು ಯಶೋದಮ್ಮನ ಕೆಲಸ.

ಅರವತ್ತೇಳೋ ಅರವತ್ತೆಂಟೋ, ಒಂದು ಮಳೆಗಾಲದಲ್ಲಿ ಬೀದಿಗೆ ವಾಂತಿಭೇದಿ ಬಂತು. ಚಪ್ಪಡಿಗಳ ಕೆಳಗೆ ಹೂಳು ತುಂಬಿ ಕಟ್ಟಿಕೊಂಡಿದ್ದ ಚರಂಡಿ ಉಕ್ಕಿ, ಕೊಳಕು ನೀರು ಎಲ್ಲರೂ ಕುಡಿಯುತ್ತಿದ್ದ ಬಾವಿಗೆ ಇಳಿದಿತ್ತು. ಮನೆ ಮನೆಯಲ್ಲೂ ಮಲಗಿದರು. ಬಹಳ ಜನ ಎದ್ದರು, ಕೆಲವರು ಏಳಲಿಲ್ಲ. ಚಿಕ್ಕಬೀರಮ್ಮ ಏಳಲಿಲ್ಲ. ಬೆಳಿಗ್ಗೆ ರಾಗಿ ಕೇರುತ್ತಿದ್ದವಳು ಮಾರನೇ ದಿನ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಇರಲಿಲ್ಲ.

ಮಳೆ ನಿಂತ ಮೇಲೆ ಪುರಸಭೆ ಹೊಸ ಕಟ್ಟಳೆ ತಂದಿತು. ಚರಂಡಿಯ ಮೇಲೆ ಯಾರೂ ಏನನ್ನೂ ಕಟ್ಟಬಾರದು. ತೆಗೆದು ಇಡಬಹುದಾದ ಹಲಗೆ ಹಾಕಿಕೊಳ್ಳಬಹುದು, ಅಷ್ಟೇ. ಅಂಗಡಿಯ ಮುಂಭಾಗ ಹೊಸದಾಗಿ ಕಟ್ಟುವವರು ತಮ್ಮ ಜಾಗದಲ್ಲೇ ಮೂರು ಅಡಿ ಹಿಂದಕ್ಕೆ ಸರಿಯಬೇಕು. ನೆಲ ರಸ್ತೆಗಿಂತ ಒಂದು ಅಡಿಯಾದರೂ ಎತ್ತರ ಇರಬೇಕು. ಪಕ್ಕದವರ ಗೋಡೆಗೆ ಅಪಾಯ ಆಗಬಾರದು. ಇದ್ದ ಮೆಟ್ಟಿಲು ಚಪ್ಪಡಿ ತೆಗೆಯಲು ಉಳಿದವರಿಗೆ ಒಂದು ವರ್ಷ ಗಡುವು. ಹೊಸದಾಗಿ ಕಟ್ಟುವವರು ಈಗಲೇ ಪಾಲಿಸಬೇಕು.

ಮಂಚಯ್ಯ ಆಗಲೇ ಕಟ್ಟಬೇಕಾಗಿತ್ತು. ಅವನ ಅಂಗಡಿಯ ಮುಂಗಂಬವನ್ನು ಗೆದ್ದಲು ತಿಂದು, ಸೂರು ಮುಂದಕ್ಕೆ ವಾಲಿತ್ತು. ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ಮೊದಲಿದ್ದ ಹಾಗೇ ಮೆಟ್ಟಿಲಿಟ್ಟು ಪ್ಲಾನು ಬರೆಸಿ ಪುರಸಭೆಗೆ ಕೊಟ್ಟ. ಪ್ಲಾನು ತಿರುಗಿ ಬಂತು. ಕೋಲೂರಿಕೊಂಡು ಕಚೇರಿಗೇ ಹೋದ.

ಓವರ್‌ಸಿಯರ್ ಚಿಕ್ಕಬಸಪ್ಪ ಆ ವರ್ಷವೇ ವರ್ಗವಾಗಿ ಬಂದಿದ್ದವರು. ಕುರ್ಚಿ ಎಳೆದು ಮಂಚಯ್ಯನನ್ನು ಕೂರಿಸಿ ಹೇಳಿದರು:

"ಮೆಟ್ಟಿಲು ಚರಂಡಿ ಮೇಲೆ ಬಂದಿದೆಯಲ್ಲಯ್ಯ. ಇದನ್ನ ಪಾಸು ಮಾಡೋಕಾಗಲ್ಲ."

"ಮೊದ್ಲಿಂದ್ಲೂ ಅಲ್ಲೇ ಅವೆ ಸ್ವಾಮಿ."

"ಮೊದಲಿಂದ ಇದ್ದದ್ದಕ್ಕೇ ಹೋದ ವರ್ಷ ಆ ಗತಿ ಬಂದದ್ದು."

"ನಾನು ಒಂಟಿ ಕಾಲ್ನೋನು. ಮೆಟ್ಲು ಇಲ್ದೆ ಅಷ್ಟೆತ್ರ ಎಂಗತ್ಲಿ?"

ಚಿಕ್ಕಬಸಪ್ಪ ಪ್ಲಾನಿನಲ್ಲಿ ಅಂಗಡಿಯ ಗೆರೆಯ ಮೇಲೆ ಬೆರಳಿಟ್ಟರು. "ನಿನ್ನ ಜಾಗದ ಒಳಗೆ ಎಷ್ಟು ಮೆಟ್ಟಿಲಾದರೂ ಕಟ್ಟಿಕೋ, ನಾನು ಬೇಡ ಅನ್ನಲ್ಲ. ಚರಂಡಿ ಮಾತ್ರ ಬಿಡಬೇಕು. ನಿನಗೊಬ್ಬನಿಗೆ ಹೇಳಿದ್ದಲ್ಲ ಇದು."

"ಅನ್ನೊಂದು ಅಡಿ ಅಂಗ್ಡಿ ಸ್ವಾಮಿ ನಂದು! ಅದ್ರಲ್ಲಿ ನಿಮ್ಗೆ ಬುಟ್ಟು, ಮೆಟ್ಲಿಗೆ ಬುಟ್ಟು, ನಾನೆಲ್ಲಿ ಕೂತ್ಕೊಳ್ಳನ?"

ಚಿಕ್ಕಬಸಪ್ಪ ಪ್ಲಾನನ್ನು ಮಡಿಸಿ ಅವನ ಕೈಗೆ ಕೊಟ್ಟರು. ಮಂಚಯ್ಯ ಪ್ಲಾನನ್ನು ಅಂಗಿಯೊಳಗೆ ತುರುಕಿಕೊಂಡು, ದಾರಿಯುದ್ದಕ್ಕೂ ಬೈದುಕೊಂಡು ಬಂದ.

ಅವನು ಸಿಟ್ಟಿನಲ್ಲಿರುವ ಸುದ್ದಿ ಪಕ್ಕದ ಜವಳಿ ಅಂಗಡಿಯ ರುದ್ರಸ್ವಾಮಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ರುದ್ರಸ್ವಾಮಿ ಬೀದಿಯ ವರ್ತಕರಿಗೆಲ್ಲ ಮುಂದಾಳು. ಕಟ್ಟಳೆಯನ್ನು ರದ್ದು ಮಾಡಬೇಕೆಂದು ಡೆಪ್ಟಿ ಕಮಿಷನರಿಗೆ ಅರ್ಜಿ ಬರೆಸಿ ಎಲ್ಲರ ರುಜು ಹಾಕಿಸುತ್ತಿದ್ದರು. ಅರ್ಜಿ ಹಿಡಿದುಕೊಂಡು ತಾವೇ ಸೈಕಲ್ ಶಾಪಿಗೆ ಬಂದರು.

"ನೋಡು ಮಂಚಯ್ಯ, ನಮಗೆಲ್ಲ ನೀನೇ ದೊಡ್ಡ ಸಾಕ್ಷಿ. ನಿನ್ನನ್ನ ಮೈಸೂರಿಗೆ ಕರ್ಕೊಂಡು ಹೋಗಿ ಸಾಹೇಬರ ಮುಂದೆ ನಿಲ್ಲಿಸ್ತೀವಿ. ನೀನು ಬಾಯಿ ಬಿಡೋದೂ ಬೇಡ. ಸುಮ್ನೆ ನಿಂತ್ಕೊ, ಸಾಕು. ಇವನು ಹೇಗಪ್ಪ ಹತ್ತಬೇಕು ಅಂತ ಅವರಿಗೇ ಅನ್ನಿಸ್ತದೆ."

ಪೆನ್ನು ತೆಗೆದುಕೊಳ್ಳಲು ಕೈ ಚಾಚಿದ್ದ ಮಂಚಯ್ಯ ಹಾಗೇ ನಿಂತ. "ಅರ್ಜೀಲಿ ಏನ್ ಬರ್ದವ್ರೆ ಸಾವ್ಕಾರ್ರೆ? ವಸಿ ಓದಿ."

ರುದ್ರಸ್ವಾಮಿ ಓದಿದರು. ಮೆಟ್ಟಿಲು ತೆಗೆದರೆ ವ್ಯಾಪಾರ ಕೆಡುವುದೆಂದೂ, ಈ ಬೀದಿಯಲ್ಲಿ ಕಟ್ಟಳೆ ಪಾಲಿಸಲು ಯಾರಿಂದಲೂ ಸಾಧ್ಯವಿಲ್ಲವೆಂದೂ, ಮಂಚಯ್ಯನಂಥ ಅಂಗಹೀನರು ಅನ್ನವಿಲ್ಲದೆ ಬೀದಿಪಾಲಾಗುವರೆಂದೂ ಬರೆದಿತ್ತು. ಕೊನೆಗೆ, ಹೋದ ಮಳೆಗಾಲದ ಕಾಯಿಲೆಗೂ ಚರಂಡಿಗೂ ಯಾವ ಸಂಬಂಧವೂ ಇಲ್ಲವೆಂದು ಬರೆದಿತ್ತು.

"ಇನ್ನೊಂದ್ಸಲ ಓದಿ," ಅಂದ ಮಂಚಯ್ಯ.

"ಯಾವುದನ್ನ?"

"ಕೊನೇದ."

ರುದ್ರಸ್ವಾಮಿ ಓದಲಿಲ್ಲ. ಅವರಿಗೂ ಅರ್ಥವಾಯಿತು. "ಅದು ವಕೀಲರು ಸೇರ್ಸಿದ್ದು ಕಣಯ್ಯ. ಹಾಗೆ ಬರೆದ್ರೇ ಅರ್ಜಿ ನಿಲ್ಲೋದು."

"ನಮ್ಮವ್ವನ ಹೊತ್ಕೊಂಡು ಓದಾಗ ನೀವೂ ಇದ್ರಲ್ಲ ಸಾವ್ಕಾರ್ರೆ. ಸಂಬಂದ ಇಲ್ವಾ?" ಮಂಚಯ್ಯನ ದನಿ ಏರಲಿಲ್ಲ. "ನಾನು ರುಜು ಆಕಕಿಲ್ಲ. ನನ್ ಕಾಲ್ನೂ ಆ ಕಾಗ್ದದಿಂದ ತೆಗ್ಸಿ. ನನ್ ಕೈಲಾಗಕಿಲ್ಲ ಅಂತ ನೀವ್ಯಾಕೆ ಬರ್ಕೊಡ್ತೀರಿ? ಆಯ್ತದೋ ಇಲ್ವೋ ನಾನು ನೋಡ್ಕೊತೀನಿ."

ರುದ್ರಸ್ವಾಮಿ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದರು. ಮಂಚಯ್ಯ ಹೇಳುವುದನ್ನೇನೋ ಹೇಳಿಬಿಟ್ಟಿದ್ದ. ಮಾಡುವುದು ಹೇಗೆ ಎಂಬುದು ಅವನಿಗೂ ತಿಳಿದಿರಲಿಲ್ಲ.

"ದೊಡ್ಡೋರ್ನ ಎದ್ರಾಕ್ಕೊಂಡ್ರಲ್ಲ," ಅಂದಳು ಯಶೋದಮ್ಮ. ಅವಳ ಮಾತಿನಲ್ಲಿ ಹೆದರಿಕೆ ಇತ್ತು, ಆಕ್ಷೇಪಣೆ ಇರಲಿಲ್ಲ. ಅತ್ತೆಯ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವಳೇ.

ಮಾರನೇ ದಿನ ಮಂಚಯ್ಯ ಅಂಗಡಿ ಹತ್ತಲಿಲ್ಲ. ರಸ್ತೆಯ ಆಚೆ ಬದಿಯ ಕಟ್ಟೆಯ ಮೇಲೆ ಕುಳಿತು ತನ್ನ ಅಂಗಡಿಯನ್ನೇ ನೋಡಿದ. ಅಂಗಡಿ ಕೊಂಡ ಮೇಲೆ ಅದನ್ನು ಅಷ್ಟು ದೂರದಿಂದ, ಅಷ್ಟು ಹೊತ್ತು ನೋಡಿದ್ದೇ ಇರಲಿಲ್ಲ. ನೆಲವನ್ನು ಅಷ್ಟು ಎತ್ತರ ಇಟ್ಟುಕೊಂಡು ಹತ್ತುವುದು ಹೇಗೆಂದು ಯಾಕೆ ಒದ್ದಾಡಬೇಕು? ಕಟ್ಟಳೆ ಕೇಳುವುದು ಒಂದು ಅಡಿ. ಉಳಿದದ್ದನ್ನು ಅಗೆದು ತೆಗೆದರಾಯಿತು. ಆ ಒಂದು ಅಡಿಗೂ ಮೆಟ್ಟಿಲು ಯಾಕೆ? ಆನೆಯ ತೂಕದ ದಿಮ್ಮಿಯನ್ನು ಲಾರಿಗೆ ಏರಿಸುವಾಗ ಎರಡು ಗಳ ಓರೆಯಾಗಿ ಕೊಟ್ಟು ಉರುಳಿಸುತ್ತಿದ್ದೆವಲ್ಲ. ಗಳ ಉದ್ದವಾದಷ್ಟೂ ಕೆಲಸ ಹಗುರ.

ಹಿತ್ತಿಲಲ್ಲಿ ಒಂದು ಅಡಿ ಎತ್ತರಕ್ಕೆ ಇಟ್ಟಿಗೆ ಪೇರಿಸಿ, ಅದಕ್ಕೆ ಹಲಗೆ ಓರೆ ಕೊಟ್ಟು ಹತ್ತಿ ನೋಡಿದ. ಮೂರಡಿ ಹಲಗೆಯಲ್ಲಿ ಕೋಲು ಜಾರಿ ಮಕಾಡೆ ಬಿದ್ದ. ಯಶೋದಮ್ಮ ಓಡಿ ಬಂದು ಎತ್ತುವಷ್ಟರಲ್ಲಿ ತಾನೇ ಎದ್ದು ಉದ್ದದ ಹಲಗೆ ಕೇಳಿದ. ಆರಡಿಯ ಹಲಗೆಯಲ್ಲಿ ಕಂಬವನ್ನೂ ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ಮೇಲಕ್ಕೆ ಹೋದ. ಇಳಿದ. ಮತ್ತೆ ಹೋದ. ಯಶೋದಮ್ಮ ಒಂದು ಸೈಕಲನ್ನು ತಳ್ಳಿಕೊಂಡು ಅವನ ಹಿಂದೆಯೇ ಹತ್ತಿ ನೋಡಿ ನಕ್ಕುಬಿಟ್ಟಳು.

"ಇದೇನೋ ಚಂದಾಗದೆ. ಆದ್ರೆ ಆರಡಿ ಇದಕ್ಕೇ ಓದ್ರೆ ಒಳಗಡೆ ಉಳಿಯೋದು ಐದೇ ಅಡಿ ಕಣ್ರೀ. ಸೈಕಲ್ ಎಲ್ಲಿಡ್ತೀರಿ?"

"ತೊಲೆಗೆ ನೇತಾಕನ."

"ನೀವು?"

"ನಾನು ಬಾಗ್ಲಲ್ಲಿ ಕೂತ್ಕೊತೀನಿ. ಇಷ್ಟು ದಿನ ಒಳ್ಗೇ ಕೂತು ಸಾಕಾಗದೆ."

ಹೊಸ ಪ್ಲಾನು ಕಂಡು ಚಿಕ್ಕಬಸಪ್ಪ ಎರಡು ಸಲ ತಿರುವಿ ನೋಡಿದರು. ಬಿಡಬೇಕಾದ ಮೂರು ಅಡಿಯಲ್ಲಿ ಕಟ್ಟಡ ಏಳಬಾರದು, ಇಳಿಜಾರು ಇರಬಹುದು ಎಂದರು. ಕಟ್ಟಳೆಗಿಂತ ಇನ್ನೂ ಮೂರು ಅಡಿ ಹೆಚ್ಚಿಗೆ ಬಿಡುತ್ತಿದ್ದೀಯಲ್ಲ, ಯೋಚನೆ ಮಾಡಿದ್ದೀಯಾ ಎಂದು ಕೇಳಿದರು. ಮಾಡಿದ್ದೇನೆ ಅಂದ. ಪ್ಲಾನು ಪಾಸಾಯಿತು.

ಕೆಲಸಕ್ಕೆ ಕೆಂಚನೂ ಅವನ ಹೆಂಡತಿ ಕಾಳಿಯೂ ಬಂದರು. ಹೇಳಿ ಕಳಿಸಿದ ಮೂರನೇ ದಿನಕ್ಕೆ ಹಾರೆ, ಗುದ್ದಲಿ ಹೊತ್ತುಕೊಂಡು ಬಂದ ಕೆಂಚ ಮೊದಲು ಚಪ್ಪಡಿಗೆ ಹಾರೆ ಹಾಕಿದ. ಚಪ್ಪಡಿ ಮೇಲೆದ್ದಾಗ ಬೀದಿಯೇ ಮೂಗು ಮುಚ್ಚಿಕೊಂಡಿತು. ಕೆಳಗೆ ಚರಂಡಿ ಎಂಬುದೇ ಇರಲಿಲ್ಲ. ಕಲ್ಲಿನ ಅಂಚಿನವರೆಗೂ ಕರಿ ಕೆಸರು, ಕೊಳೆತ ಎಲೆ, ಜವಳಿಯ ಚಿಂದಿ, ಒಡೆದ ಗಡಿಗೆ. ಕಾಳಿ ಮಂಕರಿಗೆ ತುಂಬಿಕೊಡುವುದು, ಯಶೋದಮ್ಮ ಹೊತ್ತು ಊರಾಚೆಯ ತಿಪ್ಪೆಗೆ ಸುರಿಯುವುದು. ಮಂಚಯ್ಯ ಬರಿದಾದ ಚರಂಡಿಯ ಅಂಚಿನಲ್ಲಿ ಕುಳಿತು ತಳದ ಕಲ್ಲು ಕಾಣುವವರೆಗೆ ಸನಿಕೆಯಿಂದ ಕೆರೆದ.

ಆಮೇಲೆ ನೆಲ ಅಗೆಯುವ ಕೆಲಸ. ಹೋಗುವವರು ಬರುವವರು ನಿಂತು ನಗುತ್ತಿದ್ದರು. "ಅಂಗ್ಡಿ ಕಟ್ತಿದ್ದೀಯೋ, ಕೋಳಿಗೂಡು ಕಟ್ತಿದ್ದೀಯೋ?" ಎಂದು ಬೀಡಿ ಅಂಗಡಿಯ ಕೆಂಪಯ್ಯ ಕೇಳಿದ. "ಗೂಡಾದ್ರೂ ನಂದೇ ಜಾಗ್ದಲ್ಲಿ ಕಟ್ತಿವ್ನಿ ಬುಡು ಕೆಂಪಣ್ಣ," ಅಂದ ಮಂಚಯ್ಯ.

ಅರ್ಧ ಅಗೆದಿದ್ದಾಗ ಚಿಕ್ಕಬಸಪ್ಪ ಬಂದು ಕೆಲಸ ನಿಲ್ಲಿಸಿ ಅಂದರು. ರುದ್ರಸ್ವಾಮಿ ದೂರು ಕೊಟ್ಟಿದ್ದರು: ಮಂಚಯ್ಯ ಅಗೆಯುತ್ತಿರುವುದರಿಂದ ನಡುಗೋಡೆ ಬೀಳುತ್ತದೆ, ಗೋಡೆಯ ಆಚೆ ನಮ್ಮ ಜವಳಿ ಇದೆ, ಜನ ಇದ್ದಾರೆ.

ಮಂಚಯ್ಯನ ಸಿಟ್ಟು ನೆತ್ತಿಗೇರಿತು. ಮೋಡಗಳು ಆಗಲೇ ಪಡುವಣದಿಂದ ಬರತೊಡಗಿದ್ದವು. ಮುಂಭಾಗ ಕಿತ್ತು ಹಾಕಿದ್ದಾಗಿತ್ತು, ಅಂಗಡಿ ಬಾಯಿ ತೆರೆದುಕೊಂಡು ನಿಂತಿತ್ತು. "ಒಟ್ಟೆ ಉರಿಗೆ ಕೊಟ್ಟಿರೋ ದೂರು ಸ್ವಾಮಿ ಇದು! ನಾನು ನಿಲ್ಸಾಕಿಲ್ಲ!"

ಚಿಕ್ಕಬಸಪ್ಪ ಗದರಲಿಲ್ಲ. ಗುಂಡಿಗೆ ಇಳಿದು, ನಡುಗೋಡೆಯ ಬುಡದ ಮಣ್ಣನ್ನು ಕೈಯಿಂದ ಕೆದಕಿದರು. ಕೆಂಚನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಗೋಡೆಯ ಪಾಯ ಒಂದು ಮೊಳಕ್ಕೇ ಮುಗಿದಿತ್ತು. ಅದರ ಕೆಳಗೆ ಬರೀ ಮಣ್ಣು.

"ಯಾವ ಉರಿಯಿಂದ ಕೊಟ್ಟರೋ ನನಗೆ ಬೇಡ," ಅಂದರು ಚಿಕ್ಕಬಸಪ್ಪ. "ಇದೊಂದು ಮಾತು ನಿಜ. ಇನ್ನು ಅರ್ಧ ಅಡಿ ಅಗೆದಿದ್ದರೆ ಗೋಡೆ ಕುಸಿದು ಬರುತ್ತಿತ್ತು."

ಕೆಂಚ ತಲೆಯೆತ್ತಿ ನೋಡಿದ. "ಊಂ ಮಂಚಣ್ಣ. ಬತ್ತಿತ್ತು. ಅದೂ ನಮ್ ಮ್ಯಾಲೇ."

ಮಂಚಯ್ಯ ಕೋಲಿನ ಮೇಲೆ ಭಾರ ಹಾಕಿ, ಬಗ್ಗಿ ಗೋಡೆಯ ಬುಡ ನೋಡಿದ. ಬೀದಿಯವರೆಲ್ಲ ನೋಡುತ್ತಿದ್ದರು. ಜವಳಿ ಅಂಗಡಿಯ ಬಾಗಿಲಲ್ಲಿ ರುದ್ರಸ್ವಾಮಿಯೂ ನಿಂತಿದ್ದರು.

"ಏನ್ ಮಾಡ್ಬೇಕು ಏಳಿ ಸ್ವಾಮಿ," ಅಂದ ಕೊನೆಗೆ.

ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲ ಮಣ್ಣು ಇನ್ನು ಅಗೆಯದೆ ಹಾಗೇ ಬಿಡಬೇಕು ಅಂದರು ಚಿಕ್ಕಬಸಪ್ಪ. ಅದರ ಮುಂದೆ ಕಲ್ಲು ಕಟ್ಟಿ ಗಾರೆ ಹಾಕಿ ಮಣ್ಣು ಕುಸಿಯದಂತೆ ತಡೆಯಬೇಕು. ಉದ್ದ ಕಳೆದುಕೊಂಡ ಅಂಗಡಿ ಈಗ ಅಗಲವನ್ನೂ ಕಳೆದುಕೊಳ್ಳುತ್ತದೆ. ಯಶೋದಮ್ಮ ಸೆರಗಿನ ತುದಿ ಕಚ್ಚಿಕೊಂಡಳು.

"ಕಲ್ಲು ತರ್ಸು ಕೆಂಚ," ಅಂದ ಮಂಚಯ್ಯ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಮ್ಗೆ ಬೇಕಾದ್ ಕಟ್ಲೆ ಪಾಲ್ಸಿ ಬ್ಯಾಡ್ದಿದ್ದ ಬುಟ್ರೆ ಅವ್ರಿಗೂ ನಮ್ಗೂ ಏನ್ ವೆತ್ಯಾಸ?" ಅಂದ.

ಮಳೆಗೆ ಮುಂಚೆ ಮುಗಿಸಬೇಕೆಂದು ನಾಲ್ಕು ಜನವೂ ದುಡಿದರು. ಮಂಚಯ್ಯ ಕುಳಿತಲ್ಲೇ ಕಲ್ಲಿಗೆ ಗಾರೆ ಮೆತ್ತುತ್ತಾ ಗೋಡೆಯುದ್ದಕ್ಕೂ ತೆವಳಿದ. ಕೆಂಚ ಕಲ್ಲು ಕೂರಿಸಿದ. ಉಳಿಸಿದ ಮಣ್ಣಿನ ಪಟ್ಟಿ, ಮೇಲೆ ಕಡಪ ಕಲ್ಲು ಹಾಸಿದ ಮೇಲೆ, ಒಂದು ಜಗಲಿಯಾಯಿತು. ಪಂಚರ್ ಹಾಕಿಸಿಕೊಳ್ಳುವವರು ಕೂರಲು ಅದಕ್ಕಿಂತ ಒಳ್ಳೆಯ ಜಾಗ ಬೀದಿಯಲ್ಲೇ ಇರಲಿಲ್ಲ. ಹೊಸ ಕಂಬ, ಹೊಸ ಹೆಂಚು, ಕೋಲು ಜಾರದಂತೆ ಅಡ್ಡಡ್ಡ ಗೆರೆ ಕೊರೆದ ಇಳಿಜಾರು, ಚರಂಡಿಯ ಮೇಲೆ ಎತ್ತಿಡುವಂಥ ಹಲಗೆ. ಚಿಕ್ಕಬಸಪ್ಪ ಟೇಪು ಹಿಡಿದು ಎಲ್ಲವನ್ನೂ ಅಳೆದರು. ಅಳೆದು ಮುಗಿದ ಮೇಲೆ "ಹತ್ತು ನೋಡೋಣ" ಅಂದರು. ಮಂಚಯ್ಯ ಹತ್ತಿದ. ಎದುರು ಕಟ್ಟೆಯ ಮೇಲೆ ಕೂತಿದ್ದವರು ಯಾರೂ ಆಗ ನಗಲಿಲ್ಲ.

ವಾರದೊಳಗೆ ಮಳೆ ಹಿಡಿಯಿತು. ಎರಡನೇ ದಿನ ಮಧ್ಯಾಹ್ನ ಸುರಿದ ಮಳೆ ಬೀದಿಯ ಮೇಲಿನ ತುದಿಯ ನೀರನ್ನೆಲ್ಲ ಒಟ್ಟಿಗೆ ತಂದಿತು. ಮಂಚಯ್ಯನ ಮುಂದೆ ತೆರೆದ ಚರಂಡಿಯಲ್ಲಿ ನೀರು ಭೋರೆಂದು ಓಡಿ, ಮುಂದಿನ ಚಪ್ಪಡಿಯ ಬುಡಕ್ಕೆ ಅಪ್ಪಳಿಸಿ, ಆಳೆತ್ತರ ಚಿಮ್ಮಿ, ರುದ್ರಸ್ವಾಮಿಯ ಮೆಟ್ಟಿಲ ಮೇಲಿಂದ ಅಂಗಡಿಯೊಳಕ್ಕೆ ನುಗ್ಗತೊಡಗಿತು.

"ಎಲ್ಲ ನಿನ್ನಿಂದ ಕಣಯ್ಯ!" ಎಂದು ರುದ್ರಸ್ವಾಮಿ ಒಳಗಿನಿಂದ ಕೂಗಿದರು. "ನಿನ್ನ ನೀರೆಲ್ಲ ನನ್ನ ಮೇಲೆ ಬಿಟ್ಟೆ!"

ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಮೊದಲಾಗಿದ್ದರೆ ಆ ನೀರು ಮಂಚಯ್ಯನ ಚಪ್ಪಡಿಯ ಹತ್ತಿರವೇ ಉಕ್ಕಿ ರಸ್ತೆಗೆ ಹರಡಿಕೊಳ್ಳುತ್ತಿತ್ತು.

ಯಶೋದಮ್ಮ ಆಗಲೇ ಜವಳಿ ಅಂಗಡಿಗೆ ನುಗ್ಗಿ ಸೀರೆಯ ಗಂಟುಗಳನ್ನು ಎತ್ತಿ ಎತ್ತಿ ಅಟ್ಟಕ್ಕೆ ಕೊಡುತ್ತಿದ್ದಳು. ಮಂಚಯ್ಯ ಕೋಲನ್ನು ಅತ್ತ ಎಸೆದು ಚರಂಡಿಗೇ ಇಳಿದ. ಸೊಂಟದವರೆಗೆ ನೀರು. ಒಂದು ಕೈಯಲ್ಲಿ ಚರಂಡಿಯ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಹಾರೆಯನ್ನು ಚಪ್ಪಡಿಯ ಅಡಿಗೆ ತೂರಿಸಿ ಹೂಳನ್ನು ಇರಿದ. ಅಲುಗಲಿಲ್ಲ.

"ಚಪ್ಪಡಿ ಎತ್ಬೇಕು ಸಾವ್ಕಾರ್ರೆ! ಇದ್ರಿಂದ ಆಗಕಿಲ್ಲ! ಏನಂತೀರಿ?"

ರುದ್ರಸ್ವಾಮಿ ಪಂಚೆ ಎತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನೀರು ಅವರ ಪಾದ ದಾಟಿ ಒಳಗೆ ಹೋಗುತ್ತಿತ್ತು. ಅಪ್ಪ ಹಾಕಿಸಿದ ಚಪ್ಪಡಿ, ಅಪ್ಪ ಕಟ್ಟಿಸಿದ ಮೆಟ್ಟಿಲು. ಕೆಳಗೆ ಕೆಸರಲ್ಲಿ ಒಂಟಿ ಕಾಲಿನ ಮೇಲೆ ನಿಂತವನು ತಮ್ಮ ಅಪ್ಪಣೆಗೆ ಕಾಯುತ್ತಿದ್ದ.

"ಎತ್ರಯ್ಯ," ಅಂದರು. "ಒಡೆದರೂ ಒಡೀಲಿ, ಎತ್ರಿ."

ಕೆಂಪಯ್ಯ ಬಂದ, ಇನ್ನೂ ಇಬ್ಬರು ಬಂದರು. ಚಪ್ಪಡಿ ಎದ್ದಿತು. ತಡೆದು ನಿಂತಿದ್ದ ಹೂಳು ಮಗುಚಿಕೊಂಡು ಮುಂದಕ್ಕೆ ಹೋಯಿತು. ಅಂಗಡಿಯೊಳಗಿನ ನೀರು ನಿಧಾನವಾಗಿ ಇಳಿಯಿತು. ಮಂಚಯ್ಯನನ್ನು ಮೇಲಕ್ಕೆ ಎಳೆಯಲು ಮೊದಲು ಕೈ ಕೊಟ್ಟವರು ರುದ್ರಸ್ವಾಮಿ. ಆಮೇಲೆ ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಆದರೆ ಮಳೆ ಕಳೆದ ಮೇಲೆ ಅವರು ಮೆಟ್ಟಿಲನ್ನು ಮತ್ತೆ ಚರಂಡಿಯ ಮೇಲೆ ಕಟ್ಟಿಸಲಿಲ್ಲ, ತಮ್ಮ ಜಾಗದೊಳಗೆ ಕಟ್ಟಿಸಿಕೊಂಡರು. ಮೈಸೂರಿಗೆ ಹೋಗಬೇಕಾಗಿದ್ದ ಅರ್ಜಿ ಹೋಗಲಿಲ್ಲ. ಬೀದಿಯ ಮಿಕ್ಕವರಲ್ಲಿ ಕೆಲವರು ಆ ವರ್ಷವೇ ತೆಗೆದರು, ಕೆಲವರು ಪುರಸಭೆಯ ಆಳು ಹಾರೆ ಹಿಡಿದು ಬರುವವರೆಗೂ ತೆಗೆಯಲಿಲ್ಲ. ಅಂತೂ ಚರಂಡಿ ಬಿಸಿಲು ಕಂಡಿತು. ವಾಂತಿಭೇದಿ ನಮ್ಮ ಬೀದಿಗೆ ಆಮೇಲೆ ಬಂದದ್ದು ನನಗೆ ನೆನಪಿಲ್ಲ.

ಐದಡಿಯ ಸೈಕಲ್ ಶಾಪು ಚೆನ್ನಾಗಿಯೇ ನಡೆಯಿತು. ಸೈಕಲ್‌ಗಳು ಬಾವಲಿಗಳ ಹಾಗೆ ತೊಲೆಯಲ್ಲಿ ನೇತಾಡುತ್ತಿದ್ದವು. ಮಂಚಯ್ಯ ದಿನಕ್ಕೆ ಎಷ್ಟು ಸಲ ಬೇಕಾದರೂ ಇಳಿದು, ಟೀ ಕುಡಿದು, ಮಾತಾಡಿ, ಹತ್ತುತ್ತಿದ್ದ. ಸಂತೆಯ ದಿನ ಮೆಟ್ಟಿಲು ಹತ್ತಲಾರದ ಮುದುಕ ಮುದುಕಿಯರು ಬುಟ್ಟಿ ಇಳಿಸಿ ಅವನ ಜಗಲಿಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು.

ಎಪ್ಪತ್ಮೂರರ ಸುಮಾರಿಗೆ ರಸ್ತೆಗೆ ಟಾರು ಹಾಕಿದರು. ಜಲ್ಲಿ ಸುರಿದು ಸುರಿದು ರಸ್ತೆ ಅರ್ಧ ಅಡಿ ಮೇಲೆದ್ದಿತು. ಚಿಕ್ಕಬಸಪ್ಪ ವರ್ಗವಾಗಿ ಹೋಗಿದ್ದರು. ಹೊಸ ಓವರ್‌ಸಿಯರ್ ಮಹದೇವಪ್ಪ ಬಂದು ಅಳೆದು, ಮಂಚಯ್ಯನ ನೆಲ ಈಗ ರಸ್ತೆಗಿಂತ ಅರ್ಧ ಅಡಿ ಮಾತ್ರ ಎತ್ತರ, ಕಟ್ಟಳೆಯ ಪ್ರಕಾರ ಸಾಲದು ಎಂದರು. ಹೇಳುವಾಗ ಅವರಿಗೇ ಸ್ವಲ್ಪ ಸಂಕೋಚವಾಯಿತು. ಯಶೋದಮ್ಮ ಪಂಚರ್ ಹಾಕುತ್ತಿದ್ದವಳು ಟ್ಯೂಬನ್ನು ಕೆಳಗಿಟ್ಟು ಗಂಡನ ಮುಖ ನೋಡಿದಳು.

ಮಂಚಯ್ಯ ಜಗಲಿಯಿಂದ ಎದ್ದು, ಕೋಲು ತೆಗೆದುಕೊಂಡು, ಇಳಿಜಾರಿನ ತುದಿಯವರೆಗೆ ನಡೆದು ರಸ್ತೆಯನ್ನೂ ನೆಲವನ್ನೂ ಒಂದು ಸಲ ನೋಡಿದ.

"ಗೆರೆ ಎಳೀರಿ ಸ್ವಾಮಿ," ಅಂದ. "ಎಲ್ಲಿಗೆ ಬರ್ಬೇಕು ತೋರ್ಸಿ. ಮಳೆಗಾಲ್ಕೆ ಮುಂಚೆ ನೆಲವ ಏರ್ಸ್ತೀನಿ."